ನಡುನೀರಿನಲ್ಲಿ ನಿಲ್ಲುವ ಸ್ಕೂಟರ್

ಹಿತ್ತಲಿನ ಶೆಡ್ಡು,
ಭಾನುವಾರ, ಊಟವಾದ ಮೇಲೆ

ಪ್ರೀತಿಯ ಪುಟ್ಟೀ,

ಈ ಮೂಲಕ ಸಮಸ್ತ ಕುಟುಂಬವರ್ಗಕ್ಕೆ ತಿಳಿಯಪಡಿಸುವುದೇನೆಂದರೆ, ನಿನ್ನ ತಾತನ ಎಡಗಾಲಿನ ಚಪ್ಪಲಿಯು ನಿನ್ನೆ ಸಂಜೆ ಕೆರೆಯ ಮಧ್ಯಭಾಗದಲ್ಲಿ, ಕರ್ತವ್ಯದಲ್ಲಿರುವಾಗಲೇ, ಜಲಸಮಾಧಿ ಹೊಂದಿತು. ಬಲಗಾಲಿನದು ಬಾಗಿಲ ಬಳಿ ಒಂಟಿಯಾಗಿ ಕುಳಿತಿದೆ. ಅದನ್ನು ಎಸೆಯಲು ಅಜ್ಜಿ ಬಿಡುತ್ತಿಲ್ಲ. 'ಒಂದು ಹೋದ್ರೆ ಇನ್ನೊಂದು ಸಿಗತ್ತೆ, ಇರ್ಲಿ' ಅನ್ನುತ್ತಾಳೆ. ಚಪ್ಪಲಿಯ ಬಗ್ಗೆಯೇ ಹೇಳಿದ್ದೆಂದು ನಾನು ನಂಬಿಕೊಂಡಿದ್ದೇನೆ.

ನೀನು ಹೇಗಿದ್ದೀಯಮ್ಮಾ? ಬೆಳಗಾಗುವುದರೊಳಗೆ ತಣ್ಣೀರಿಗಿಳಿಸುತ್ತಾರೆ ಅಂತ ಬರೆದಿದ್ದೆ, ನೆಗಡಿ ಹಿಡಿದಿಲ್ಲ ತಾನೆ? ಮುಳುಗುವವರನ್ನು ಎತ್ತುವ ತರಬೇತಿಯಲ್ಲಿ ಮುಳುಗುವವರ ಪಾತ್ರ ಯಾರಿಗೆ ಕೊಡುತ್ತಾರೆ? ನಿನಗೆ ಕೊಟ್ಟರೆ ಹೇಗಾದರೂ ತಪ್ಪಿಸಿಕೋ, ನಮ್ಮ ಮನೆಯಲ್ಲಿ ಆ ಪಾತ್ರಕ್ಕೆ ಈಗಾಗಲೇ ಇಬ್ಬರು ಗಂಡಸರಿದ್ದೇವೆ. ಫೋನುಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿರುವ ನಿಮ್ಮ ಗುರುಗಳ ದೆಸೆಯಿಂದ ನನ್ನ ಕೈಬರಹಕ್ಕೆ ಮರುಜೀವ ಬಂದಿದೆ. ಇಲ್ಲಿ ಎಲ್ಲರೂ ಕ್ಷೇಮ. ನನ್ನ ಮಂಡಿ ಮೊದಲಿನಂತೆಯೇ ಮುನಿಸಿಕೊಂಡಿದೆ. ಅಜ್ಜಿಯ ಬಿಪಿ ಹತೋಟಿಯಲ್ಲಿದೆ, ನನ್ನ ಬಿಪಿ ಅಜ್ಜಿಯ ಹತೋಟಿಯಲ್ಲಿದೆ.

ಈಗ ವಿಷಯಕ್ಕೆ ಬರುತ್ತೇನೆ. ನೀರಿನ ಮೇಲೆ ಓಡುವ ನಿನ್ನ ಸ್ಕೂಟರಿನ ಜವಾಬ್ದಾರಿಯನ್ನು ನನ್ನ ಮತ್ತು ಚಿಕ್ಕಪ್ಪನ ತಲೆಗೆ ಕಟ್ಟಿ ಬಸ್ಸು ಹತ್ತುವಾಗ ನೀನು ಹೇಳಿದ್ದನ್ನು ನಾವು ಮರೆತಿಲ್ಲ. ದೋಣಿಕಟ್ಟೆಯ ಸೂಪರ್‌ವೈಸರ್ ರಕ್ಷಣಾ ಸವಾರರ ಕೆಲಸಕ್ಕೆ ಇಟ್ಟಿರುವ ಷರತ್ತು ಎರಡೇ: ಗಾಡಿ ನಮ್ಮದೇ ಆಗಿರಬೇಕು, ಅದು ಕೆರೆಯನ್ನು ಒಂದು ಸುತ್ತು ನಿಲ್ಲದೆ ಸುತ್ತಿ ಬರಬೇಕು. ನಡುವೆ ನಿಂತರೆ ಕೆಲಸ ಅವರ ಭಾವಮೈದುನನಿಗೆ. ಆ ಭಾವಮೈದುನನ ಹೊಸ ಗಾಡಿ ದಿನಾ ನಮ್ಮ ಮನೆಯ ಮುಂದೆಯೇ ಟ್ರೇಲರಿನ ಮೇಲೆ ಮೆರವಣಿಗೆ ಹೋಗುತ್ತದೆ. ನಿನ್ನದೋ ಮೂರು ಕೈ ದಾಟಿ ಬಂದ ಹಳೇ ಎರಡು ಸ್ಟ್ರೋಕಿನ ಮುದುಕ. ಕಿಕ್ಕಿಲ್ಲ, ಗೇರಿಲ್ಲ, ಚಕ್ರವಿಲ್ಲ, ಇರುವುದು ಹಟವೊಂದೇ. ಅಜ್ಜಿಯಂತೂ ಮೊದಲಿನಿಂದಲೂ ಇದಕ್ಕೆ ವಿರೋಧ ಪಕ್ಷ. 'ಹುಡುಗಿಗೆ ಲೋಕದಲ್ಲಿ ಬೇರೆ ಕೆಲಸ ಇಲ್ವಾ? ಮುಳುಗೋರು ದಡದಲ್ಲೇ ಕೂತಿದ್ರೆ ಯಾರೂ ಎತ್ತೋದೇ ಬೇಡವಲ್ಲ' ಎಂಬುದು ಅವಳ ವಾದ. ಇದಕ್ಕೆ ಉತ್ತರ ಕೊಡುವ ವಕೀಲ ಇನ್ನೂ ಹುಟ್ಟಿಲ್ಲ.

ನೀನು ಹೋದ ಮರುದಿನವೇ ಕೆಲಸ ಶುರು ಮಾಡಿದೆವು. ಹಳೇ ಪೆಟ್ರೋಲನ್ನು ಪೂರ್ತಿ ಬಸಿದು ಹೊಸದು ಹುಯ್ದೆವು. ಈ ಜಾತಿಯ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕೆಂದು ನೀನು ನನಗೂ ಹೇಳಿದ್ದೆ, ಚಿಕ್ಕಪ್ಪನಿಗೂ ಹೇಳಿದ್ದೆ. ಇಬ್ಬರೂ ವಿಧೇಯರು. ನಾನು ಬೆರೆಸಿದೆ. ನಾನು ಕಾಫಿ ಕುಡಿಯಲು ಒಳಗೆ ಹೋದಾಗ ಅವನೂ ಬೆರೆಸಿದ. ಒಬ್ಬರನ್ನೊಬ್ಬರು ಕೇಳುವುದು ನಮ್ಮ ಮನೆತನದಲ್ಲೇ ಇಲ್ಲ. ಸ್ಟಾರ್ಟ್ ಮಾಡಿದಾಗ ಎದ್ದ ಹೊಗೆಯಲ್ಲಿ ಹಿತ್ತಲು ಮಾಯವಾಯಿತು, ತಂತಿಯ ಮೇಲೆ ಒಣಗಿಸಿದ್ದ ಬಿಳಿ ಹೊದಿಕೆಗಳು ಬೂದಿ ಬಣ್ಣಕ್ಕೆ ತಿರುಗಿದವು, ಗಾಡಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಪ್ಲಗ್ ಬಿಚ್ಚಿ ನೋಡಿದರೆ ಎಣ್ಣೆ ಸ್ನಾನ ಮಾಡಿ ಕೂತಿದೆ. ಅಜ್ಜಿ ಹೊದಿಕೆಗಳನ್ನು ಮತ್ತೆ ಬಕೆಟ್ಟಿಗೆ ಹಾಕಿ, ಬಕೆಟ್ಟನ್ನು ನಮ್ಮಿಬ್ಬರ ನಡುವೆ ತಂದಿಟ್ಟಳು.

ಮತ್ತೆ ಬಸಿದು, ಸರಿಯಾದ ಅಳತೆಯಲ್ಲಿ ಬೆರೆಸಿ, ಹೊಸ ಪ್ಲಗ್ ಹಾಕಿದೆವು. ಹಿಡಿಯಿತು ನೋಡು, ಎಂಥ ಸದ್ದು ಅಂತೀಯ! ಎಂಜಿನ್ ಕಾಯದಿರಲೆಂದು ಹಿತ್ತಲ ನಲ್ಲಿಯಿಂದ ಪೈಪು ಹಾಕಿ ನೀರು ಹಾಯಿಸುತ್ತಾ, ಮೊದಲು ಎಂಜಿನ್ ಆಮೇಲೆ ನೀರು, ನಿಲ್ಲಿಸುವಾಗ ಮೊದಲು ನೀರು ಆಮೇಲೆ ಎಂಜಿನ್ ಎಂದು ಮಂತ್ರದಂತೆ ಹೇಳಿಕೊಂಡು ಓಡಿಸಿದೆವು. ನೆಲದ ಮೇಲೆ ಹೆಚ್ಚು ಹೊತ್ತು ಓಡಿಸಿದರೆ ಕೆಡುತ್ತದೆ ಅಂತ ಒಂದೆರಡು ಗಳಿಗೆಗೇ ನಿಲ್ಲಿಸುತ್ತಿದ್ದೆವು. ಅಷ್ಟಕ್ಕೇ ನಾವಿಬ್ಬರೂ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡು, ಚಿಕ್ಕಪ್ಪನ ವ್ಯಾನಿಗೆ ಟ್ರೇಲರ್ ಕಟ್ಟಿ ಕೆರೆಗೆ ಹೊರಟೆವು.

ಕೆರೆಯಲ್ಲಿ ಅದರ ನಿಜರೂಪ ಗೊತ್ತಾಯಿತು. ಬಾಣದಂತೆ ಹೋಗುತ್ತದೆ, ನಡುನೀರಿಗೆ ಬಂದ ಕೂಡಲೇ ಉಸಿರು ಕಟ್ಟಿದವರಂತೆ ಗೊರಗೊರ ಅಂದು ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹಿಡಿಯುತ್ತದೆ, ಮತ್ತೆ ನಿಲ್ಲುತ್ತದೆ. ಮೊದಲ ದಿನ ನಮ್ಮನ್ನು ದಡಕ್ಕೆ ಎಳೆದು ತಂದವನು ಯಾರು ಗೊತ್ತೆ? ಆ ಭಾವಮೈದುನನೇ. ಹಗ್ಗ ಎಸೆದು, 'ಹಿಡ್ಕೊಳ್ಳಿ ತಾತ, ನನಗೂ ಅಭ್ಯಾಸ ಆಗತ್ತೆ' ಅಂದ. ನಾನು ಹಗ್ಗ ಹಿಡಿದುಕೊಂಡು ಆಕಾಶ ನೋಡುತ್ತಾ ಬಂದೆ.

ಅಲ್ಲಿಂದ ಗಾಡಿ ಮೆಕ್ಯಾನಿಕ್ಕಿನ ಬಳಿ ಹೋಯಿತು. ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಇಟ್ಟು ಕೇಳುತ್ತಾನಲ್ಲ, ನಾವು 'ಡಾಕ್ಟರು' ಅನ್ನುವವನು, ಅವನು. ಕಾರ್ಬೊರೇಟರ್ ಬಿಚ್ಚಿ, ತೊಳೆದು, ಊದಿ, ಜೋಡಿಸಿದ. ಫಿಲ್ಟರ್ ಬದಲಾಯಿಸಿದ. ಕಂಪ್ರೆಷನ್ ನೋಡಿ 'ಇದರ ಎದೆ ನಿಮ್ಮಿಬ್ಬರಿಗಿಂತ ಗಟ್ಟಿಯಾಗಿದೆ' ಎಂದು ಸರ್ಟಿಫಿಕೇಟ್ ಕೊಟ್ಟ. ಅವನ ಅಂಗಳದಲ್ಲಿ ಗಾಡಿ ಹಾಡಿತು. ಕೆರೆಯಲ್ಲಿ ಮತ್ತೆ ಗೊರಗೊರ. 'ಅಂಗಳದಲ್ಲಿ ಜ್ವರ ಇಲ್ಲ, ಕೆರೆಗೆ ಹೋದ್ರೆ ಬರತ್ತೆ ಅಂದ್ರೆ ನಾನೇನು ಮಾಡ್ಲಿ' ಎಂದು ಡಾಕ್ಟರು ಕೈಚೆಲ್ಲಿದ. ಅಂದು ರಾತ್ರಿ ಊಟಕ್ಕೆ ಕೂತಾಗ ಚಿಕ್ಕಪ್ಪ ತಟ್ಟೆಯಿಂದ ತಲೆಯೆತ್ತಲಿಲ್ಲ. 'ಪುಟ್ಟಿಗೆ ಏನಂತ ಹೇಳೋದು' ಅಂತಷ್ಟೇ ಅಂದ. ವಿರೋಧ ಪಕ್ಷ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿತು.

ನಿನ್ನೆ ಸಂಜೆ ಕೊನೆಯ ಪ್ರಯತ್ನ. ಚಿಕ್ಕಪ್ಪ ಮುಂದೆ, ನಾನು ಹಿಂದೆ. ಅದೇ ಜಾಗದಲ್ಲಿ ಅದೇ ನಾಟಕ. ಈ ಸಲ ಆ ಭಾವಮೈದುನನ ಹಗ್ಗ ಹಿಡಿಯುವುದಿಲ್ಲವೆಂದು ಶಪಥ ಮಾಡಿ ನಾನು ಎಡಚಪ್ಪಲಿ ತೆಗೆದು ಹುಟ್ಟು ಹಾಕತೊಡಗಿದೆ. ಮುಂದಿನದನ್ನು ಮೇಲೆಯೇ ಪ್ರಕಟಿಸಿದ್ದೇನೆ. ಚಪ್ಪಲಿ ಮುಳುಗಿದ ಮೇಲೆ ಮಾಡಲು ಬೇರೇನೂ ಉಳಿಯದೆ, ಪೆಟ್ರೋಲ್ ಇದೆಯೋ ಇಲ್ಲವೋ ನೋಡೋಣವೆಂದು ಚಿಕ್ಕಪ್ಪ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಸುಯ್ ಅಂತ ಟ್ಯಾಂಕು ಉದ್ದಕ್ಕೆ ಉಸಿರೆಳೆದುಕೊಂಡಿತು ಪುಟ್ಟೀ. ಎಷ್ಟೋ ದಿನದಿಂದ ಕಟ್ಟಿಕೊಂಡಿದ್ದ ಉಸಿರು. ಗುಂಡಿ ಒತ್ತಿದರೆ ತಕ್ಷಣ ಸ್ಟಾರ್ಟ್. ದಡದ ಹತ್ತಿರ ಮತ್ತೆ ನಿಂತಿತು, ಮತ್ತೆ ಮುಚ್ಚಳ ಸಡಿಲಿಸಿದೆವು, ಮತ್ತೆ ಸುಯ್, ಮತ್ತೆ ಸ್ಟಾರ್ಟ್. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪೆಟ್ರೋಲ್ ಖರ್ಚಾದಷ್ಟೂ ಆ ಜಾಗಕ್ಕೆ ಗಾಳಿ ಒಳಗೆ ಬರಬೇಕು. ಬರದಿದ್ದರೆ ಟ್ಯಾಂಕು ಪೆಟ್ರೋಲನ್ನು ಕೆಳಗೆ ಬಿಟ್ಟುಕೊಡುವುದಿಲ್ಲ. ಹಿತ್ತಲಲ್ಲಿ ಒಂದೆರಡು ಗಳಿಗೆ ಓಡಿಸುವಾಗ ಇದು ಗೊತ್ತಾಗುವುದು ಹೇಗೆ!

ಮನೆಗೆ ಬಂದು, ಟ್ಯಾಂಕಿಗೆ ಗಾಳಿ ಬಿಡುವ ಕೊಳವೆಯ ಜಾಡು ಹಿಡಿದು ಹೋದರೆ, ಅದರ ತುದಿಗೆ ಒಂದು ಬಿರಡೆ. ಬಿರಡೆಯ ಮೇಲೆ ಮೇಣ. ಮೇಣದ ಮೇಲೆ ದಾರದ ಸುತ್ತು, ಹೊಲಿಗೆಯವರು ಹಾಕುವಂಥ ಗಂಟು. ಚಿಕ್ಕಪ್ಪ ಆ ಗಂಟನ್ನು ನೋಡಿದವನೇ ಸೀದಾ ಅಡುಗೆಮನೆಯ ಕಡೆ ತಿರುಗಿದ.

'ಹೌದು, ನಾನೇ ಮುಚ್ಚಿದ್ದು' ಅಂದಳು ನಿನ್ನ ಅಜ್ಜಿ, ಪಾತ್ರೆ ಉಜ್ಜುವುದನ್ನು ನಿಲ್ಲಿಸದೆ. 'ಶೆಡ್ಡಿನ ಗೋಡೆ ಆಚೆ ಹಿಟ್ಟಿನ ಡಬ್ಬ ಇದೆ. ಇಡೀ ಹಿಟ್ಟು ಪೆಟ್ರೋಲ್ ನಾತ. ಬಾಯಿ ತೆರ್ಕೊಂಡಿದ್ದ ಕೊಳವೆ ಮುಚ್ಚೋದು ತಪ್ಪಾ?'

ಈ ಮನೆಯಲ್ಲಿ ಅವಳು ಮುಚ್ಚಳ ಹಾಕದೆ ಬಿಟ್ಟಿರುವುದು ನನ್ನ ಬಾಯಿಗೆ ಮಾತ್ರ, ಅದೂ ಪ್ರಯತ್ನದ ಕೊರತೆಯಿಂದಲ್ಲ. ಮೇಣವನ್ನು ಒಲೆಯ ಮೇಲೆ ಕರಗಿಸಿ ತಂದಳಂತೆ. ಮೇಣದಬತ್ತಿಯನ್ನೇ ಹೊತ್ತಿಸಿಕೊಂಡು ಬಂದಿದ್ದರೆ ಈ ಕಾಗದ ಬರೆಯಲು ಶೆಡ್ಡೂ ಇರುತ್ತಿರಲಿಲ್ಲ. ಗಾಳಿ ಒಳಗೆ ಹೋಗಬೇಕೆಂದು ಚಿಕ್ಕಪ್ಪ ಚಿತ್ರ ಬರೆದು ತಿಳಿಸಲು ಹೊರಟ. ಅವಳು ಅರ್ಧಕ್ಕೇ ತಡೆದಳು. 'ಎಣ್ಣೆ ಡಬ್ಬಕ್ಕೆ ಎರಡು ತೂತು ಹೊಡೀತೀವಲ್ಲ, ಹಾಗೆ ತಾನೆ? ಮೊದಲೇ ಹೇಳಿದ್ರೆ ಮುಚ್ತಿದ್ನಾ?' ಅಷ್ಟು ಹೇಳಿ ಕೈ ಒರೆಸಿಕೊಂಡಳು. ಆಮೇಲೆ, 'ನಾಳೆ ನಾನೂ ಬರ್ತೀನಿ. ನಾನು ಕೆಡಿಸಿದ್ದು ಸರಿಹೋಯ್ತಾ ಇಲ್ವಾ ಅಂತ ನಾನೇ ನೋಡ್ಬೇಕು' ಅಂದಳು.

ಬಂದಳು. ಈ ದಿನ ಬೆಳಗ್ಗೆ, ಲೈಫ್ ಜಾಕೆಟ್ ತೊಟ್ಟು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ನನ್ನ ಸೊಂಟವನ್ನು ಜೀವಮಾನದಲ್ಲೇ ಹಿಡಿಯದಷ್ಟು ಗಟ್ಟಿಯಾಗಿ ಹಿಡಿದು ಹಿಂದೆ ಕೂತಳು. ನಡುನೀರು ಬಂತು. ನಾನು ಉಸಿರು ಬಿಗಿಹಿಡಿದೆ. ನಡುನೀರು ಹೋಯಿತು! ಆಚೆ ದಡದ ತಿರುವೂ ಹೋಯಿತು. ಗಾಡಿ ನಿಲ್ಲಲಿಲ್ಲ, ಕೆಮ್ಮಲೂ ಇಲ್ಲ. ಸುತ್ತು ಮುಗಿಸಿ ದಡಕ್ಕೆ ಬಂದರೆ ಹಿಂದಿನಿಂದ ಬೆನ್ನಿಗೊಂದು ಗುದ್ದು: 'ಯಾಕೆ ನಿಲ್ಸಿದ್ರಿ?' ಇನ್ನೊಂದು ಸುತ್ತು ಹೋದೆವು. ಅದರಲ್ಲಿ ಅವಳು ಕಣ್ಣು ಬಿಟ್ಟಿದ್ದಳೆಂದು ದಡದಲ್ಲಿದ್ದ ಚಿಕ್ಕಪ್ಪನ ಸಾಕ್ಷಿ.

ಚೆನ್ನಾಗಿ ಉಣ್ಣು, ತಲೆ ಒರೆಸಿಕೊಂಡು ಮಲಗು. ಚಿಕ್ಕಪ್ಪನ ಪ್ರೀತಿ, ಅಜ್ಜಿಯ ಮುದ್ದು, ನನ್ನ ಆಶೀರ್ವಾದ, ಮೂರನ್ನೂ ಇದೇ ಕವರಿನಲ್ಲಿ ಮಡಿಸಿ ಇಟ್ಟಿದ್ದೇನೆ.

ಇಂತಿ,
ಒಂಟಿ ಚಪ್ಪಲಿಯ ನಿನ್ನ ತಾತ

ಮರೆತಿದ್ದೆ, ಅಂಚೆಗೆ ಹಾಕಲು ಚಿಕ್ಕಪ್ಪ ವ್ಯಾನ್ ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿದ್ದಾನೆ: ನಾವು ಸುತ್ತು ಹೊಡೆಯುವುದನ್ನು ಸೂಪರ್‌ವೈಸರ್ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು. 'ಸವಾರರು ನೀವೇನಾ ಅಮ್ಮಾ?' ಎಂದು ಅಜ್ಜಿಯನ್ನು ತಮಾಷೆ ಮಾಡಿದರು. ಅವಳು ಜಾಕೆಟ್ಟಿನ ಪಟ್ಟಿ ಬಿಚ್ಚುತ್ತಾ, 'ಸವಾರಿ ನನ್ನ ಮೊಮ್ಮಗಳದ್ದು. ಮುಳುಗೋರನ್ನ ಎತ್ತೋದು ಕಲಿಯೋಕೆ ಹೋಗಿದಾಳೆ. ಅವಳು ಬರೋವರೆಗೂ ಆ ಜಾಗ ಯಾರಿಗೂ ಕೊಡ್ಬೇಡಿ' ಅಂದಳು. ಅವರು ತಮಾಷೆ ಬಿಟ್ಟು, ಹಾಗಾದರೆ ಪರೀಕ್ಷೆಗೆ ಮುಂದಿನ ವಾರದವರೆಗೆ ಕಾಯುವುದು ಯಾಕೆ, ಈ ಗುರುವಾರ ಬೆಳಗ್ಗೆಯೇ ಮುಗಿಸೋಣ ಅಂದರು. ಆದ್ದರಿಂದ ತರಬೇತಿ ಬುಧವಾರ ಮುಗಿದ ಕೂಡಲೇ, ಹೋಗುತ್ತೇನೆಂದು ನೀನು ಬರೆದಿದ್ದ ಗೆಳತಿಯ ಮನೆಗೆ ಹೋಗದೆ ನೇರ ಇಲ್ಲಿಗೆ ಬಾ. ಇನ್ನೊಂದು: ಅಜ್ಜಿಯ ಮೇಣ ಬಿಡಿಸಲಾಗದೆ ಕೊಳವೆಯ ತುದಿಯನ್ನೇ ಕತ್ತರಿಸಿದ್ದೇವೆ, ಈಗ ಅದು ತೀರಾ ಗಿಡ್ಡ, ಅಲೆ ಹೊಡೆದರೆ ನೀರು ಒಳಗೆ ಹೋದೀತು. ಬರುವ ದಾರಿಯಲ್ಲಿ ಅಂಗಡಿಯಿಂದ ಕಿರುಬೆರಳಿನಷ್ಟು ದಪ್ಪದ ಕೊಳವೆ ಒಂದು ಮೊಳ ಕೊಂಡು ತಾ. ಪೆಟ್ರೋಲಿಗೆ ಹಾಕುವಂಥದ್ದನ್ನೇ ಕೇಳು, ನೀರಿನದು ಬೇಡ, ಮೆತ್ತಗಾಗುತ್ತದೆ. ಜೊತೆಗೆ ಎರಡು ಕ್ಲಿಪ್ಪು.