ಪಾದಪೂಜೆಗೆ ಬೇಕಾದ ಹೆಂಡತಿ

ಕಂಪ್ಲಿ
೧೩ ಫೆಬ್ರುವರಿ ೨೦೦೮

ಶ್ರೀ ಬಸವಕುಮಾರ್ ಅವರಿಗೆ ಶೈಲಶ್ರೀಯ ನಮಸ್ಕಾರ.

ಕ್ಷೇಮ ಸಮಾಚಾರ ಬರೆಯುವ ಮನಸ್ಸಿಲ್ಲ, ನೇರ ವಿಷಯಕ್ಕೆ ಬರುತ್ತೇನೆ.

ನಾನು ಮನೆ ಬಿಟ್ಟು ತವರಿಗೆ ಬಂದ ಎಂಟು ತಿಂಗಳ ಮೇಲೆ ನಿಮ್ಮ ಕಾಗದ ಬಂತು. ಹೆಂಡತಿಯ ನೆನಪಾಯಿತೇನೋ ಅಂತ ಒಂದು ಗಳಿಗೆ ಹಿಗ್ಗಿದೆ, ಸುಳ್ಳೇಕೆ ಹೇಳಲಿ. ಓದಿದ ಮೇಲೆ ತಿಳಿಯಿತು. ಗಣಿ ಧಣಿ ಸಂಡೂರಿನಲ್ಲಿ ಕಟ್ಟಿಸಿದ ಕಾಲೇಜಿಗೆ ನೀವು ಪ್ರಿನ್ಸಿಪಾಲರಾಗುತ್ತೀರಿ. ಸೋಮವಾರ ಸ್ವಾಮಿಗಳು ಬರುತ್ತಾರೆ, ಅವರ ಪಾದಪೂಜೆಯನ್ನು ಪ್ರಿನ್ಸಿಪಾಲರು ಹೆಂಡತಿಯ ಜೊತೆ ಕೂತು ಮಾಡಬೇಕು. ನಾವು ಬೇರೆ ಇರುವುದು ಧಣಿಗೆ ಗೊತ್ತಿಲ್ಲ, ಗೊತ್ತಾದರೆ ಕುರ್ಚಿ ಇನ್ನೊಬ್ಬರ ಪಾಲಾಗುತ್ತದೆ. ಅದಕ್ಕೆ ರೇಷ್ಮೆ ಸೀರೆ ಉಟ್ಟು ಬಾ, ಕಾರು ಕಳಿಸುತ್ತೇನೆ ಎಂದು ಬರೆದಿದ್ದೀರಿ. ಇದು ಭಕ್ತಿಯಲ್ಲ, ಸಾಂಸ್ಕೃತಿಕ ಗೌರವ ಅಂತ ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದೀರಿ, ನಾನು ನಿಮ್ಮ ಪಿಯುಸಿ ವಿದ್ಯಾರ್ಥಿನಿ ಅನ್ನುವ ಹಾಗೆ.

ನಮ್ಮಪ್ಪನ ಮಣ್ಣಿನ ದಿನ ಈ ಗೌರವ ಎಲ್ಲಿ ಹೋಗಿತ್ತು?

ಏಳು ವರ್ಷವಾಯಿತು. ಇದೇ ಪಡಸಾಲೆಯಲ್ಲಿ ಅಪ್ಪನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು, ಹಣೆಗೆ ವಿಭೂತಿ, ಅಂಗೈಯಲ್ಲಿ ಲಿಂಗ. ಮಠದ ಅಯ್ಯನವರು ತೀರಿಕೊಂಡವರ ತಲೆಯ ಮೇಲೆ ಪಾದ ಇಟ್ಟರೆ ಜೀವಕ್ಕೆ ದಾರಿ ಸಿಗುತ್ತದೆ ಅಂತ ನಮ್ಮವರ ನಂಬಿಕೆ. ಅಯ್ಯನವರು ಕಾಲು ಎತ್ತುವಷ್ಟರಲ್ಲಿ ನೀವು ಅಡ್ಡ ನಿಂತಿರಿ. ಮನುಷ್ಯನ ತಲೆಯ ಮೇಲೆ ಮನುಷ್ಯನ ಕಾಲು ಬೀಳಲು ಬಿಡುವುದಿಲ್ಲ ಅಂದಿರಿ. ಅವ್ವ ನಿಮ್ಮ ಕೈ ಹಿಡಿದು, ಇದೊಂದು ಬಿಟ್ಟುಕೊಡ್ರಿ ಅಳಿಯಂದ್ರ, ಇಲ್ಲಾಂದ್ರ ಅವರು ದಾರಿ ಸಿಗದ ಅಲೀತಾರ ಅಂತ ಅತ್ತಳು. ಅವಳ ಬಾಯಿ ಮುಚ್ಚಿಸಿದ್ದು ನಾನು. ಅವರು ಓದಿದವರು, ನಿನಗ ತಿಳಿಯಂಗಿಲ್ಲ, ಸುಮ್ಮನಿರು ಅಂದೆ. ಅಯ್ಯನವರು ಹೊರಟುಹೋದರು. ಅಪ್ಪನನ್ನು ಹಾಗೇ ಮಣ್ಣು ಮಾಡಿದೆವು.

ಅಂದು ನನಗೆ ನಿಮ್ಮ ಬಗ್ಗೆ ಹೆಮ್ಮೆಯಾಗಿತ್ತು. ತಿಂಗಳು ತುಂಬುವುದರೊಳಗೆ ನೀವು ಆ ಸಾವನ್ನು ಲೇಖನ ಮಾಡಿ ಹಂಪಿಯ ವಿಚಾರ ಸಂಕಿರಣದಲ್ಲಿ ಓದಿದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು, ಮುಂದಿನ ಸಾಲಿನಲ್ಲಿ ಕೂತು ನಾನೂ ತಟ್ಟಿದೆ. ಲಿಂಗ ಕಟ್ಟಿಕೊಳ್ಳುವುದನ್ನೂ ಆಮೇಲೆಯೇ ಬಿಟ್ಟೆ. ನಿಮಗೆ ಹೆದರಿ ಅಲ್ಲ, ನೀವು ಹೇಳುವುದು ನಿಜ ಅನ್ನಿಸಿತು. ಇವತ್ತಿಗೂ ಹಾಗೇ ಅನ್ನಿಸುತ್ತದೆ. ಈ ಕಷ್ಟದಲ್ಲಿ ಕೈಮುಗಿಯೋಣ ಅಂದರೆ ಎದುರಿಗೆ ಯಾರೂ ಇಲ್ಲ.

ಹೋದ ಜೂನಿನಲ್ಲಿ ಧಣಿಯ ಮನೆಯಿಂದ ನೀವು ಕೊರಳಲ್ಲಿ ಬೆಳ್ಳಿಯ ಕರಡಿಗೆ ಹಾಕಿಕೊಂಡು ಬಂದಿರಿ. ಒಳಗೆ ಹೊಸ ಲಿಂಗ. ನಂಬಿಕೆ ಯಾವಾಗ ಬಂತು ಅಂತ ಕೇಳಿದೆ. ನಂಬಿಕೆ ಎಲ್ಲಿ ಬಂತು, ಈಗ ಈ ಕಡೆ ಹಿಂಗಿದ್ರನ ನಡೀತದ ಅಂತ ನಕ್ಕಿರಿ. ಮರುದಿನ ನಾನು ಕಂಪ್ಲಿ ಬಸ್ಸು ಹತ್ತಿದೆ. ನಿಮಗೆ ನಿಜವಾಗಿ ದೇವರು ಕಂಡಿದ್ದರೆ ಮನೆ ಬಿಡುತ್ತಿರಲಿಲ್ಲ, ನನಗೆ ಕಾಣದಿದ್ದರೂ ನಿಮ್ಮ ಪಕ್ಕ ಕೂಡುತ್ತಿದ್ದೆ. ಗಂಡನನ್ನು ಕಳೆದುಕೊಂಡ ಹೆಂಗಸು ಕೈ ಹಿಡಿದು ಬೇಡಿದಾಗ ಒಂದಿಷ್ಟೂ ಬಗ್ಗದ ನೀವು ಒಂದು ಕುರ್ಚಿಗೆ ಇಷ್ಟು ಬಗ್ಗಿದಿರಲ್ಲ, ಅದನ್ನು ನನ್ನಿಂದ ನೋಡಲಾಗುವುದಿಲ್ಲ. ಬೇಡಿದವಳು ಬಡಪಾಯಿ ಅಂತಲೇ ನಿಮ್ಮ ವಿಚಾರ ಅಷ್ಟು ಗಟ್ಟಿಯಾಗಿತ್ತೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಸೋಮವಾರ ನಾನು ಬರುವುದಿಲ್ಲ. ಹೆಂಡತಿಗೆ ಮೈಯಲ್ಲಿ ಹುಷಾರಿಲ್ಲ ಅಂತ ಹೇಳಿಕೊಳ್ಳಿ, ಅಷ್ಟು ಸುಳ್ಳು ನಿಮಗೆ ಭಾರವಾಗಲಾರದು. ಕಾರು ಕಳಿಸಬೇಡಿ.

ಇಂತಿ,
ಒಂದು ಕಾಲಕ್ಕೆ ನಿಮ್ಮ ಮಾತು ನಂಬಿದ
ಶೈಲಶ್ರೀ

ವಿ.ಸೂ.: ಅತ್ತೆಯವರ ಆಶೀರ್ವಾದವೂ ಬೇಕು ಎಂದು ಬರೆದಿದ್ದೀರಿ. ಅವ್ವ ತೀರಿಕೊಂಡು ಇವತ್ತಿಗೆ ಆರು ದಿನ. ಅಯ್ಯನವರು ಹಳೆಯದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಪಾದ ಇಡಲು ಬಂದಿದ್ದರು. ನಾನೇ ಅಡ್ಡ ನಿಂತು ವಾಪಸು ಕಳಿಸಿದೆ. ಗಂಡನ ಬುದ್ಧಿಯೇ ಈಕೆಗೂ ಬಂದಿದೆ ಅಂತ ಬಂಧುಗಳು ಬೈದುಹೋದರು, ಬೈಸಿಕೊಂಡೆ. ಸಾಯುವ ಹಿಂದಿನ ದಿನ ಅವ್ವ ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು: ನನಗ ಪಾದ ಇಡಿಸಬ್ಯಾಡ, ದಾರಿ ಸಿಕ್ಕು ನಾನೊಬ್ಬಾಕಿ ಹೋಗಿಬಿಟ್ರ ನಿಮ್ಮಪ್ಪ ಇಲ್ಲೇ ಒಬ್ಬರೇ ಅಲೀತಾರ.