ಬಿಸಿಲು ತಿನ್ನುವ ಹುಳು

ಕುಲಗೋಡ, ತಾ. ಗೋಕಾಕ
೧೦ ಏಪ್ರಿಲ್ ೨೦೦೮

ಸಕಲ ವಿಜ್ಞಾನ ಸಾಮ್ರಾಜ್ಯದ ಪಟ್ಟದರಸಿಯೂ, ಪುಣೆಯ ಪ್ರಯೋಗಶಾಲೆಯ ಕತ್ತಲಕೋಣೆಗೆ ಅಧಿದೇವತೆಯೂ, ರಬ್ಬರ್ ಹುಳುಗಳ ಜಗನ್ಮಾತೆಯೂ, ಹುಟ್ಟಿದ ಮನೆಗೆ ಬೆಂಕಿ ಹಚ್ಚಿ ಫೋನಿನಲ್ಲಿ ಬುದ್ಧಿ ಹೇಳುವವರೂ ಆದ ಕುಮಾರಿ ಪ್ರಣಿತಾ ಅಕ್ಕನವರ ಚರಣಕಮಲಗಳಿಗೆ, ಅದೇ ಮನೆಯ ಹಸಿದ ಪ್ರಜೆಯಾದ ತಮ್ಮ ಶ್ರೇಯಸನ ದೀರ್ಘದಂಡ ನಮಸ್ಕಾರಗಳು.

ತಮ್ಮ ಆರೋಗ್ಯ ಹೇಗಿದೆ? ಚೆನ್ನಾಗಿಯೇ ಇರಬೇಕು. ಹಾಸ್ಟೆಲ್ಲಿನಲ್ಲಿ ಕಿಟಕಿಗಳು ತೆರೆದಿರುತ್ತವೆ, ಹಗಲು ಹೊತ್ತಿನಲ್ಲಿ ಊಟ ಸಿಗುತ್ತದೆ. ಇಲ್ಲಿ ಅಪ್ಪ, ಅವ್ವ ಕ್ಷೇಮ. ಆಯಿ ಇನ್ನೂ ಇದ್ದಾಳೆ. ‘ಇನ್ನೂ’ ಎಂಬುದನ್ನು ನಾನು ಚೇಷ್ಟೆಗೆ ಬರೆದಿಲ್ಲ. ಫೋನ್ ಬಿಟ್ಟು ಪತ್ರ ಏಕೆ ಎಂದರೆ, ಹೋದ ತಿಂಗಳು ನಾನು ಪುಣೆಯ ಫೌಜದಾರನ ದನಿಯಲ್ಲಿ ಮರಾಠಿ ಮಾತಾಡಿ ನಿನ್ನನ್ನು ಠಾಣೆಗೆ ಕರೆದಾಗಿನಿಂದ ನೀನು ನನ್ನ ದನಿ ಕೇಳಿದೊಡನೆ ಫೋನ್ ಇಟ್ಟುಬಿಡುತ್ತೀ. ಪತ್ರವನ್ನು ಹಾಗೆ ಇಡಲಾಗುವುದಿಲ್ಲ. ಹರಿದು ಹಾಕಬಹುದು, ಹರಿಯುವ ಮುಂಚೆ ಒಂದೆರಡು ಸಾಲು ಕಣ್ಣಿಗೆ ಬಿದ್ದೇ ಬೀಳುತ್ತವೆ.

ಹೋಳಿ ಹಬ್ಬಕ್ಕೆ ಬಂದಾಗ ನೀನು ಗಾಜಿನ ಡಬ್ಬಿಯೊಂದನ್ನು ತಂದಿದ್ದೆ. ಒಳಗೆ ಕತ್ತರಿಸಿ ಒಗೆದ ಉಗುರಿನಷ್ಟು ತೆಳುವಾದ, ಕಿತ್ತಳೆ ಬಣ್ಣದ ಮೆತ್ತನೆಯ ಚೂರು. ಅಡುಗೆಮನೆಯ ಕಿಟಕಿಯ ಬಿಸಿಲಿಗೆ ಹಿಡಿದರೆ ಅದು ಬೆನ್ನು ಬಾಗಿಸಿತು, ಕೈ ಅಡ್ಡ ಹಿಡಿದರೆ ಮೈ ಚಾಚಿತು, ಬಿಸಿಲು ನೆರಳುಗಳನ್ನು ಅದರ ಮೇಲೆ ಆಡಿಸಿದರೆ ಎಲೆಯ ಮೇಲಿನ ಹುಳುವಿನಂತೆ ಮುಂದೆ ಮುಂದೆ ಸರಿಯಿತು. ವಾಯರ್ ಇಲ್ಲ, ಸೆಲ್ ಇಲ್ಲ. ಬೆಳಕು ಬಿದ್ದ ಮಗ್ಗುಲು ಕುಗ್ಗುತ್ತದೆ, ಅದಕ್ಕೇ ಬಾಗುತ್ತದೆ, ಮುಂದೊಂದು ದಿನ ಇಂಥ ಮೆತ್ತನೆಯ ರೋಬೋಟುಗಳು ಮನುಷ್ಯನ ಮೈಯೊಳಗೆ ಹೋಗಿ ಔಷಧ ಮುಟ್ಟಿಸಬಹುದು ಎಂದು ನನಗೆ ವಿವರಿಸಿದೆ. ಸರಿ. ಆಯಿಗೆ ಏನು ಹೇಳಿದೆ, ನೆನಪಿದೆಯೇ? “ಇದಕ್ಕ ಬೆಳಕ ಊಟ ಆಯಿ, ಬೆಳಕ ಹಗ್ಗ. ಬಿಸಲ ತಿಂತೈತಿ, ನಾವು ಎಳದಲ್ಲಿ ಬರತೈತಿ.” ಅಜ್ಜಿಗೆ ಸುಲಭವಾಗಲಿ ಎಂದು ಹೇಳಿದೆಯಂತೆ. ನೀರು ಸೋಸಿದ ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನೂ ಮರಳಿ ಬಾವಿಗೆ ಬಿಟ್ಟು ಬರುವ ಹೆಂಗಸಿಗೆ ‘ತಿನ್ನುತ್ತದೆ, ಬರುತ್ತದೆ’ ಎಂದು ಹೇಳಿ, ಡಬ್ಬಿಯನ್ನು ಅಡುಗೆಮನೆಯ ಗೂಡಿನಲ್ಲಿ ಮರೆತು, ಬಸ್ಸು ಹತ್ತಿದೆ. ಇಂಥ ಪಂಡಿತೆಯನ್ನು ಪಡೆದ ಪುಣೆಯೇ ಧನ್ಯ.

ಮುಂದಿನದರಲ್ಲಿ ನನ್ನ ಪಾತ್ರವೂ ಇದೆ ಎಂದು ಅವ್ವ ಈಗಾಗಲೇ ವರದಿ ಒಪ್ಪಿಸಿರಬೇಕು. ಇದೆ. ಕಟ್ಟೆಯ ಮೇಲೆ ಬರೆಯುವ ಪಾಟಿ ಇಟ್ಟು, ಕನ್ನಡಿಯ ಚೂರಿನಿಂದ ಬಿಸಿಲು ಹಾಯಿಸಿ, ಓಣಿಯ ಹುಡುಗರೆದುರು ಹುಳುವನ್ನು ಈ ತುದಿಯಿಂದ ಆ ತುದಿಗೆ ನಡೆಸುತ್ತಿದ್ದೆ. ಆಯಿ ಜೋಳ ಕೇರುವ ಮೊರ ಹಿಡಿದು ಹೊರಗೆ ಬಂದವಳು ಅಲ್ಲೇ ನಿಂತಳು. “ಬಿಸಲ ತಾಗಿದ್ರ ಹೆಂಗ ಒದ್ದಾಡತೈತಿ ನೋಡ. ನಿನ್ನ ಮೈಗೆ ಕೊಳ್ಳಿ ಹಿಡದ್ರ ನೀನೂ ಹಿಂಗ ಕುಣೀತಿ.” ಆಯಿ, ಇದು ರಬ್ಬರ್, ಎಂದೆ. “ಹಾವ ಬಂತು ಅಂತ ಬೀಗರನ್ನ ಉಣ್ಣೂ ಎಲಿ ಮ್ಯಾಲಿಂದ ಎಬಿಸಿದಾಂವ ನೀ. ನಿನ್ನ ಮಾತ ಯಾರ ಕೇಳತಾರ?” ಎಂದು ಡಬ್ಬಿ ಕಸಿದುಕೊಂಡಳು.

ಅಂದಿನಿಂದ ಮನೆಗೆ ಹಗಲು ಬಂದಿಲ್ಲ. ಮುಚ್ಚಳ ಹಾಕಿದರೆ ಅದಕ್ಕೆ ಉಸಿರು ಕಟ್ಟುತ್ತದೆ, ಆದ್ದರಿಂದ ಮುಚ್ಚಳ ತೆಗೆದಳು. ಮುಚ್ಚಳ ತೆಗೆದರೆ ಬೆಳಕು ಬೀಳುತ್ತದೆ, ಆದ್ದರಿಂದ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿ ಬೆಳಕಿಂಡಿಗೆ ಗೋಣಿಚೀಲ ತುರುಕಿಸಿದಳು. ಹೊಲದಲ್ಲಿ ಬಿಟ್ಟುಬಿಡೋಣ ಎಂದ ಅಪ್ಪನಿಗೆ, “ದಿನಾಪೂರ್ತಿ ಬಿಸಲಾಗ ಒದ್ದಾಡಲಿ ಅಂತೀಯೇನ?” ಎಂದಳು. ಇಷ್ಟೇ ಆಗಿದ್ದರೆ ನಾನು ಕತ್ತಲಲ್ಲಿ ಸುಖವಾಗಿ ನಿದ್ದೆ ಮಾಡುತ್ತಿದ್ದೆ. ಆದರೆ ಹೊತ್ತು ಮುಳುಗಿದ ಮೇಲೆ ಒಂದು ಗುಟುಕು ನೀರನ್ನೂ ಮುಟ್ಟದವಳು ಆಯಿ. ಅನ್ನದಲ್ಲಿ ಬಿದ್ದ ಇರುವೆ ಕಾಣದಿದ್ದರೆ ಹಗಲೂ ಅವಳಿಗೆ ರಾತ್ರಿಯೇ. ಕತ್ತಲಮನೆಯಲ್ಲಿ ಉಣ್ಣುವಂತಿಲ್ಲ. ಅಂಗಳದಲ್ಲಿ ಕುಳಿತು ಉಣ್ಣೋಣವೆಂದರೆ, ತಾನು ಎದ್ದ ಕೂಡಲೇ ನಾನು ಕಿಟಕಿ ತೆಗೆದು ಸರ್ಕಸ್ ಶುರು ಮಾಡುತ್ತೇನೆಂಬ ಭಯ. ಅವ್ವ ಕೈಹಿಡಿದು ಎಳೆತಂದರೆ ಹೊಸ್ತಿಲ ಬಳಿ ಎರಡು ತುತ್ತು ಉಂಡು ಒಳಗೆ ಓಡುತ್ತಾಳೆ. ಸಕ್ಕರೆ ರೋಗದ ಗುಳಿಗೆಯನ್ನು ಮಾತ್ರ ನೇಮದಿಂದ ನುಂಗುತ್ತಾಳೆ.

ನಡುವೆ ಪಕ್ಕದ ಮನೆಯ ಹನಮವ್ವ ಬಂದು, “ಹಗಲ ಹೊತ್ತಿನ್ಯಾಗ ಕಿಟಕಿ ಹಾಕ್ಕೊಂಡ ಕುಂತೀರಲ್ಲ, ಏನಾತು ತಮ್ಮಾ?” ಎಂದಳು. ನಾನು ತಲೆ ತಗ್ಗಿಸಿ, “ಮನ್ಯಾಗ ಭಾಳ ಸಣ್ಣವರೊಬ್ಬರು ಬಂದಾರ್ರಿ. ಬೆಳಕ ತಡಿಯೂದಿಲ್ಲ ಅವರಿಗೆ” ಎಂದೆ. ಆಕೆ ಸಂಜೆ ಒಣಕೊಬ್ಬರಿ, ಉತ್ತತ್ತಿ ಹಿಡಿದು ಬಂದು ಬಾಣಂತಿ ಎಲ್ಲಿ ಎಂದು ಕೇಳಿದಳು. ಬಾಣಂತಿ ಯಾರೆಂಬ ಚರ್ಚೆ ಓಣಿಯಲ್ಲಿ ಇನ್ನೂ ನಡೆದಿದೆ. ನಿನ್ನ ಹೆಸರೂ ಕೇಳಿಬಂತು. ನಾನು ಅಲ್ಲಗಳೆಯಲು ಹೋಗಲಿಲ್ಲ.

ಸೋಮವಾರ ಆಯಿ ಡಬ್ಬಿಯ ಪಕ್ಕದಲ್ಲೇ ಕುಸಿದು ಬಿದ್ದಳು. ಮೈಯೆಲ್ಲ ಬೆವರು, ನಾಲಿಗೆ ತೊದಲು. ಮೂಡಲಗಿಯ ಡಾಕ್ಟರು ಗ್ಲೂಕೋಸ್ ಏರಿಸಿ, “ಗುಳಿಗಿ ನುಂಗಿ ಊಟ ಬಿಟ್ರ ಒಂದಿನ ಹಿಂಗ ಹೋಗಿಬಿಡತಾರ” ಎಂದು ಅಪ್ಪನಿಗೆ ನಮ್ಮೆಲ್ಲರೆದುರು ಬೈದರು. ಅವತ್ತೇ ಅಪ್ಪ ನಿನಗೆ ಫೋನ್ ಮಾಡಿದ್ದು. ಆಗ ನೀನು ಕೊಟ್ಟ ಅಪ್ಪಣೆಯನ್ನು ನಾನು ಅಪ್ಪನ ಕಿವಿಯ ಪಕ್ಕ ಕಿವಿ ಇಟ್ಟು ಕೇಳಿದೆ: “ಆಯಿ ಮುಂದನ ಕತ್ತರಿಲೆ ಎರಡ ತುಂಡ ಮಾಡ್ರಿ. ರಕ್ತ ಬರೂದಿಲ್ಲ, ಆಕಿಗೇ ತಿಳೀತೈತಿ. ನನ್ನ ಕಡೆ ಅಂಥಾವು ಬೇಕಾದಷ್ಟ ಅದಾವ.” ಬರುತ್ತೇನೆ ಎನ್ನಲಿಲ್ಲ. ಆಯಿ ಹೇಗಿದ್ದಾಳೆಂದು ಎರಡನೆಯ ಸಲ ಕೇಳಲಿಲ್ಲ. ‘ಇಂಥ ಕೆಲಸ ನಿನಗೇ ಸರಿ’ ಎಂದು ಅಪ್ಪ ಕತ್ತರಿಯನ್ನು ನನಗೆ ವಹಿಸಿದ್ದಾನೆ. ನಾನು ಮಾಡುವುದಿಲ್ಲ. ಕಾರಣವನ್ನು ನಿನ್ನ ವಿಜ್ಞಾನದಲ್ಲೇ ಹೇಳುತ್ತೇನೆ: ಎರಡು ತುಂಡು ಮಾಡಿದರೆ ಎರಡೂ ತುಂಡು ಬಿಸಿಲಿಗೆ ಬಾಗುತ್ತವೆ. ಆಗ ಆಯಿ ಎರಡು ಜೀವಗಳನ್ನು ಕಾಯಬೇಕು. ಬಾಗದೆ ಬಿದ್ದುಕೊಂಡರೆ ಕೊಲೆಯಾಯಿತೆಂದು ಆ ಎರಡು ತುತ್ತನ್ನೂ ಬಿಡುತ್ತಾಳೆ. ಇಷ್ಟು ಲೆಕ್ಕ ನಿನಗೆ ಹೊಳೆಯಲಿಲ್ಲವೇ? ಹೊಳೆದಿರುತ್ತದೆ. ಬಸ್ಸಿನಲ್ಲಿ ಕೂರಲು ಬೇಸರ, ಅಷ್ಟೇ.

ಆದ್ದರಿಂದ ಮಹಾವೀರ ಜಯಂತಿಯೊಳಗೆ ಬಾ. ಬೆಳಗಾವಿ ಬಸ್ಸು ಹತ್ತು, ಕಣಗಲಾ ದಾಟಿದ ಮೇಲೆ ಸಂಕೇಶ್ವರದಲ್ಲಿ ಇಳಿ, ಹುಕ್ಕೇರಿ ಮೇಲೆ ಗೋಕಾಕಕ್ಕೆ ಬಾ. ನಿಲ್ದಾಣಕ್ಕೆ ನಾನು ಬರುತ್ತೇನೆ, ಮಾತಾಡಿಸುವುದಿಲ್ಲ. ಆಯಿಯ ಎದುರು ಕುಳಿತು ‘ತಪ್ಪಾತು’ ಅನ್ನು. ‘ನನ್ನ ಕತ್ತಲಕೋಣೆಗೆ ಒಯ್ಯುತ್ತೇನೆ, ಅಲ್ಲಿ ಬಿಸಿಲು ಬೀಳುವುದಿಲ್ಲ’ ಎಂದು ಹೇಳಿ, ಅವಳ ಕೈಯಿಂದಲೇ ಡಬ್ಬಿ ತೆಗೆದುಕೊ. ನನ್ನ ಮಾತು ನಂಬದ ಮುದುಕಿ ನಿನ್ನ ಮಾತು ನಂಬುತ್ತಾಳೆ. ಅದೇನು ಭಾಗ್ಯವೋ ನಿನ್ನದು. ಬರದಿದ್ದರೆ ಹನಮವ್ವನಿಗೆ ಕೂಸಿನ ಹೆಸರನ್ನೂ ನಾನೇ ಹೇಳುತ್ತೇನೆ.

ಅಪ್ಪ ಅವ್ವ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ಅವರು ದೊಡ್ಡ ಮನಸ್ಸಿನವರು. ನನ್ನ ಕಡೆಯಿಂದ ಏನೂ ಇಲ್ಲ.

ತಮ್ಮ ಸಿಂಹಾಸನದ ಕಡುವೈರಿ,
ಶ್ರೇಯಸ

ತಾ.ಕ.: ಅಂಚೆಯವನು ಚೀಲ ಕಟ್ಟುತ್ತಿದ್ದಾನೆ, ಬೇಗ ಬರೆಯುತ್ತೇನೆ. ಇದನ್ನು ಅಪ್ಪನಿಗೆ ಹೇಳಬೇಡ. ನಿನ್ನೆ ಆಯಿಯನ್ನು ಮತ್ತೆ ಮೂಡಲಗಿಗೆ ಕರೆದೊಯ್ದರು. ಮನೆಯಲ್ಲಿ ಉಳಿಯುವವರು ಬೇರೆ ಯಾರೂ ಇರಲಿಲ್ಲ. ಹೊರಡುವಾಗ ಆಯಿ ಡಬ್ಬಿಯನ್ನು ನನ್ನ ಕೈಗೇ ಕೊಟ್ಟು, “ಕಿಟಕಿ ತಗೀಬ್ಯಾಡ, ನನ್ನಪ್ಪಾ” ಎಂದಳು. ಅವರು ಬರುವಷ್ಟರಲ್ಲಿ ಕತ್ತರಿಸಿ ಮುಗಿಸಿಬಿಡೋಣ, ಆದದ್ದಾಗಲಿ ಎಂದು ಕತ್ತರಿ ತಂದೆ. ಕಾಣಲಿ ಎಂದು ಕಿಟಕಿಯನ್ನು ಒಂದು ಬೆರಳಿನಷ್ಟು ತೆಗೆದೆ. ಅದು ಮೆಲ್ಲಗೆ ಒಂದು ತುದಿ ಎತ್ತಿತು. ರಬ್ಬರ್ ಅಂತ ನನಗೆ ಗೊತ್ತು ಅಕ್ಕಾ, ಯಾಕೆ ಎತ್ತುತ್ತದೆ ಅಂತಲೂ ಗೊತ್ತು. ಆದರೂ ಕತ್ತರಿ ಹಿಡಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ, ಅದಕ್ಕೆ ಕಾಣಬಾರದು ಎಂದು.