ನೀವು ತಮಾಷೆಗೆ ಅಂದ ಮಾತು

ರಾಗಿಗುಡ್ಡ, ಶಿವಮೊಗ್ಗ
೧೧ ಫೆಬ್ರವರಿ ೨೦೨೫, ಬೆಳಗಿನ ಜಾವ ಮೂರೂಕಾಲು

ಪ್ರೀತಿಯ ಅತ್ತೆಗೆ,

ಬಾಗಿಲ ಚಿಲಕ ಎಳೆದ ಸದ್ದಿಗೆ ಎಚ್ಚರವಾಯಿತು. ನಿಮ್ಮ ಮಂಡಿನೋವು ಹೇಗಿದೆ? ಬಿ.ಪಿ. ಮಾತ್ರೆ ಮುಗಿದಿತ್ತಲ್ಲ, ತರಿಸಿಕೊಂಡಿರಾ? ಇಂಪನಾಳ ಕೆಮ್ಮು ಕಡಿಮೆ, ನನ್ನ ತೊಡೆಯ ಮೇಲೆ ಮಲಗಿದ್ದಾಳೆ. ಬೆಳಗ್ಗೆ ಆರಕ್ಕೆ ನಿಮ್ಮ ಮಗ ಅವಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಜನ್ನಾಪುರಕ್ಕೆ, ನಿಮ್ಮಲ್ಲಿಗೆ, ಹೊರಡುವವರಿದ್ದಾರೆ. ತಡೆಯಬಲ್ಲವರು ನೀವೊಬ್ಬರೇ. ಅದಕ್ಕೇ ಈ ಹೊತ್ತಿನಲ್ಲಿ ಕಾಗದ.

ನಿನ್ನೆ ಸಂಜೆ ಸ್ಪೀಕರ್ ಹಾಕಿದ ಫೋನಿನಲ್ಲಿ, ಮಗು ಅನ್ನ ಮುಟ್ಟುತ್ತಿಲ್ಲ ಎಂದು ನಾನು ಗೊಣಗಿದಾಗ ನೀವು ನಗುತ್ತಾ ಅವರಿಗೆ ಅಂದಿರಿ: "ಹಂಗಾದ್ರೆ ಬಟ್ಟೆ ಗಂಟು ಕಟ್ಕೊಂಡು ಅವಳನ್ನ ಇಲ್ಲಿ ತಂದ್‌ಬಿಡು ಮಾರಾಯ, ನಾನೇ ಸಾಕ್ತೀನಿ. ಅವಳಮ್ಮಂಗೆ ಪರ್ಮನೆಂಟ್ ರಜಾ!" ನಾನೂ ನಕ್ಕೆ. ಅವರು ನಗಲಿಲ್ಲ. ಫೋನಿಟ್ಟವರೇ ಎದ್ದು ಮಗುವಿನ ಬಟ್ಟೆಯನ್ನೆಲ್ಲ ಬ್ಯಾಗಿಗೆ ತುಂಬಿದರು. "ಅತ್ತೆ ತಮಾಷೆಗೆ ಅಂದದ್ದು" ಎಂದು ನಾನು ಹೇಳಿದರೆ, "ಅಮ್ಮನ ಮಾತು ನಿಂಗೆ ತಮಾಷೆನಾ?" ಎಂದು ನನ್ನ ಮೇಲೇ ಎಗರಿದರು.

ಕುಡಿತ ನಿಮಗೆ ಗೊತ್ತಿರುವುದೇ. ಅದು ತಲೆಯೊಳಗೆ ಮಾಡಿದ್ದನ್ನು ನಾನೇ ಮುಚ್ಚಿಟ್ಟೆ, ತಪ್ಪು ನನ್ನದು. ಸೀರೆ ಅಂಗಡಿಯಲ್ಲಿ ಅವರ ಕೆಲಸ ಹೋದದ್ದು ವ್ಯಾಪಾರ ಕಡಿಮೆಯಾಗಿ ಅಲ್ಲ. ಹೆಂಗಸರ ಕಣ್ಣು ನೋಡಿಯೇ ಯಾವ ಸೀರೆ ಬಿಚ್ಚಬೇಕೆಂದು ತಿಳಿಯುತ್ತಿದ್ದವರಲ್ಲವೇ ಅವರು? ಒಬ್ಬಾಕೆ ಬೇಸತ್ತು, "ತೋರ್ಸಿ ತೋರ್ಸಿ, ರಾತ್ರಿ ಊಟನೂ ಇಲ್ಲೇ ಮಾಡ್ತೀವಿ" ಅಂದಳಂತೆ. ಇವರು ಅದನ್ನು ನಿಜವೆಂದು ನಂಬಿ, ಖುಷಿಯಿಂದ ಇಡೀ ಕಪಾಟಿನ ಸೀರೆ ಬಿಚ್ಚಿ ಹಾಕಿದರು; ಅಂದೇ ಮಾಲೀಕರು ಕೆಲಸ ಬಿಡಿಸಿದರು. ಮೊನ್ನೆ ಪಕ್ಕದ ಮನೆಯ ಚೌಡಯ್ಯನವರು ಕಾಫಿ ಕುಡಿದು "ಬರ್ತೀನಿ" ಎಂದು ಎದ್ದರು. ಹೊರಡುವವರು ಯಾರಾದರೂ "ಹೋಗ್ತೀನಿ" ಅನ್ನುತ್ತಾರೆಯೇ? ಇವರು ಅಂದಿನಿಂದ ಕಾಯುತ್ತಿದ್ದಾರೆ. ಈಗ ಚಿಲಕ ತೆಗೆದದ್ದೂ ಅದಕ್ಕೇ. "ಬರ್ತೀನಿ ಅಂದ, ಬರ್ಲಿಲ್ಲ. ಎಲ್ರಿಗೂ ನಾನಂದ್ರೆ ಸದರ" ಎಂದು ಗೊಣಗಿ, ಬಾಗಿಲಿಗೆ ಅಡ್ಡಲಾಗಿ ಮಗುವಿನ ಬ್ಯಾಗಿನ ಮೇಲೆ ತಲೆಯಿಟ್ಟು ಮಲಗಿದ್ದಾರೆ. ಈ ಮನೆಗೆ ಹಿತ್ತಿಲ ಬಾಗಿಲಿಲ್ಲ.

ಕುಡಿಯದ ದಿನವೂ ಹೀಗೇ. ಎದುರಿನವರ ಮುಖ, ದನಿ ಅರ್ಥವಾಗುವ ಶಕ್ತಿಯೇ ಕುಂದಿದೆ, ಪೂರ್ತಿ ಬಿಟ್ಟರೆ ನಿಧಾನವಾಗಿ ಮರಳಬಹುದು ಎಂದರು ಡಾಕ್ಟರು. ಬಿ.ಎ.ಯಲ್ಲಿ ಮನಶ್ಶಾಸ್ತ್ರ ಓದಿದವಳು ನಾನು, ಪರೀಕ್ಷೆಗಲ್ಲದೆ ಯಾವುದಕ್ಕೂ ಒದಗಲಿಲ್ಲ. ನಾನು ಅತ್ತರೆ ಶೀತವೇ ಎಂದು ಕೇಳುತ್ತಾರೆ. ಇಂಪನಾ ಹೆದರಿ ತುಟಿ ನಡುಗಿಸಿದರೆ, "ನನ್ನ ಅಣಕಿಸ್ತಾಳೆ" ಅನ್ನುತ್ತಾರೆ. ನಾಟಕವಲ್ಲ ಅತ್ತೆ, ನಿಜಕ್ಕೂ ಅವರಿಗೆ ಹಾಗೇ ಕಾಣುತ್ತದೆ. ದಾರಿಯಲ್ಲಿ ಅವಳು ಕಿರುಚಿದರೆ ಅವರು ಗಾಡಿ ನಿಲ್ಲಿಸುವುದಿಲ್ಲ, ಇನ್ನೂ ಜೋರು ಓಡಿಸುತ್ತಾರೆ.

ಎದುರಿಗಿದ್ದರೆ ಕಾಲು ಹಿಡಿಯುತ್ತಿದ್ದೆ. ಮೊಮ್ಮಗಳಿಗೆ ನಿಮ್ಮ ಆಶೀರ್ವಾದವಿರಲಿ.

ನಿಮ್ಮ ಸೊಸೆ,
ಸಮತಾ

ಮರೆತೆ: ನಾನು ಮಾತಾಡಿದರೆ ಅವರಿಗೆ ಎಚ್ಚರವಾಗುತ್ತದೆ, ಹಾಗಾಗಿ ಈ ಹಾಳೆಗಳ ಫೋಟೋ ವಾಟ್ಸಾಪಿಗೆ ಕಳಿಸುತ್ತಿದ್ದೇನೆ. ಗುಡ್ ಮಾರ್ನಿಂಗ್ ಚಿತ್ರ ಕಳಿಸುವ ಮೊದಲು ಇದನ್ನು ಓದಿ. ಎದ್ದ ಕೂಡಲೇ ಕೈನಡುಕಕ್ಕೆ ಅವರಿಗೆ ಎರಡು ಗುಟುಕು ಬೇಕು, ಆಮೇಲೇ ಸ್ಕೂಟರ್. ಅಷ್ಟರೊಳಗೆ ಅವರಿಗೇ ಫೋನ್ ಮಾಡಿ. ನಗಬೇಡಿ, ಬೈಯಬೇಡಿ, "ಇನ್ನೊಂದಿನ ನೋಡೋಣ" ಅನ್ನಬೇಡಿ. "ಕಾಂತರಾಜ, ಮಗೂನ ಕರ್ಕೊಂಡು ಬರ್ಬೇಡ" ಅನ್ನಿ, ಅಷ್ಟೇ. ಎರಡು ಸಲ ಅನ್ನಿ. ದಮ್ಮಯ್ಯ ಅತ್ತೆ, ಬೆಳಗಾಗುವುದರೊಳಗೆ ಮಾಡಿ.